ಚಂದ್ರಗಿರಿಯ ಎರಡು ದಡಗಳ ಕಾಗದಪತ್ರ

ಕಾಸರಗೋಡು ತಾಲೂಕು 1956ರ ಅಕ್ಟೋಬರ್ 31ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮರುದಿನ ಅದು ಕೇರಳದ ಮಲಬಾರ್ ಜಿಲ್ಲೆಗೆ ಸೇರಿತು. 1957ರ ಜನವರಿ 1ರಂದು ಮಲಬಾರನ್ನು ಒಡೆದಾಗ ಕಣ್ಣೂರು ಜಿಲ್ಲೆಯ ಪಾಲಾಯಿತು. ಈಗಿನ ಕಾಸರಗೋಡು ಜಿಲ್ಲೆ ರಚನೆಯಾದದ್ದು 1984ರ ಮೇ 24ರಂದು. ಹೀಗಾಗಿ ಇಲ್ಲಿನ ಹಳೆಯ ಮನೆಯೊಂದು ತನ್ನ ಅಡಿಪಾಯದಿಂದ ಗೇಣುದ್ದವೂ ಕದಲದೆ ನಾಲ್ಕು ಜಿಲ್ಲೆಗಳ ಮೊಹರು ಬಿದ್ದ ಕಾಗದಗಳನ್ನು ಅಟ್ಟದಲ್ಲಿ ಕೂಡಿಸಿಟ್ಟುಕೊಂಡಿರುವುದು ಸಾಧ್ಯ. ಅಂಥ ಕಾಗದಗಳನ್ನೂ ಅದೇ ಕಾಲದ ಛಾಯಾಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಮಳೆಗಾಲ ಮುಗಿಯುತ್ತ ಬಂದಾಗ ಹೊರಟೆ. ಏಕೀಕರಣದ ಸಭೆಗಳ, ಮೆರವಣಿಗೆಗಳ ಚಿತ್ರಗಳು ಸ್ಮರಣ ಸಂಚಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗಿವೆ. ನನಗೆ ಬೇಕಿದ್ದುದು ಅವುಗಳ ಹೊರಗೆ ಉಳಿದವು: ಗೇಣಿ ಚೀಟಿ, ಶಾಲೆಯ ದಾಖಲಾತಿ ಪುಸ್ತಕ, ಮದುವೆಯ ಗುಂಪುಚಿತ್ರ, ಸ್ಟುಡಿಯೋದ ಲೆಕ್ಕದ ಪುಸ್ತಕ.

ಸೋಮವಾರ, ಮಂಜೇಶ್ವರ

ಮಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ಬೆಳಗಿನ ರೈಲು ನೇತ್ರಾವತಿಯನ್ನು ದಾಟಿ ಸ್ವಲ್ಪ ಹೊತ್ತಿನಲ್ಲೇ ಮಂಜೇಶ್ವರಕ್ಕೆ ತಲಪಿಸುತ್ತದೆ. ಈ ದಾರಿಯಲ್ಲಿ ಗಡಿ ದಾಟಿದ್ದು ಗೊತ್ತಾಗುವುದು ನಿಲ್ದಾಣದ ಫಲಕದ ಮೇಲೆ ಮಲಯಾಳದ ಅಕ್ಷರಗಳು ಕಾಣಿಸಿದಾಗ ಮಾತ್ರ.

ಗೋವಿಂದ ಪೈಗಳ ಮನೆ ಈಗ ಅವರ ಮೊದಲ ಕವನ ಸಂಕಲನದ ಹೆಸರು ಹೊತ್ತು ‘ಗಿಳಿವಿಂಡು’ ಸ್ಮಾರಕವಾಗಿದೆ. 1883ರಲ್ಲಿ ಹುಟ್ಟಿದ ಪೈಗಳಿಗೆ ರಾಷ್ಟ್ರಕವಿ ಎಂಬ ಗೌರವವನ್ನು 1949ರಲ್ಲಿ ಕೊಟ್ಟದ್ದು ಮದರಾಸು ಸರಕಾರ. 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಅವರು ತೀರಿಕೊಂಡದ್ದು 1963ರ ಸೆಪ್ಟೆಂಬರಿನಲ್ಲಿ. ಅಂದರೆ ಕೊನೆಯ ಏಳು ವರ್ಷ, ಊರು ಬಿಡದೆಯೇ, ಬೇರೊಂದು ರಾಜ್ಯದ ಪ್ರಜೆಯಾಗಿ ಬದುಕಿದರು. ಶಾಸನಗಳ ಕಾಲನಿರ್ಣಯಕ್ಕಾಗಿ ತಿಥಿ, ವಾರ, ನಕ್ಷತ್ರಗಳನ್ನು ತಾಳೆ ನೋಡುತ್ತ ಕುಳಿತಿರುತ್ತಿದ್ದ ಈ ಸಂಶೋಧಕರ ಶಿಸ್ತು ಹಳೆಯ ಛಾಯಾಚಿತ್ರಗಳ ವಿಷಯದಲ್ಲೂ ಪಾಲಿಸತಕ್ಕದ್ದು ಎಂದು ನನಗನಿಸಿತು. ಚಿತ್ರದ ಕೆಳಗೆ ಯಾರೋ ಬರೆದ ಇಸವಿಯನ್ನು ಹಾಗೆಯೇ ನಂಬುವ ನಮ್ಮ ಅಭ್ಯಾಸ ಪೈಗಳಿಗೆ ಖಂಡಿತ ಹಿಡಿಸುತ್ತಿರಲಿಲ್ಲ.

ಮಂಜೇಶ್ವರದ ಇನ್ನೊಂದು ವಿಶೇಷವನ್ನು ಇಲ್ಲೇ ಹೇಳಿಬಿಡಬೇಕು. ಕೇರಳದ ಮೊದಲ ವಿಧಾನಸಭೆಗೆ 1957ರಲ್ಲಿ ಚುನಾವಣೆ ನಡೆದಾಗ ಈ ಕ್ಷೇತ್ರದಿಂದ ಎಂ. ಉಮೇಶ ರಾವ್ ಅವರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಎದುರಾಳಿಯೇ ಇಲ್ಲದ ಚುನಾವಣೆಯಲ್ಲಿ ಮತದಾನದ ಸಾಲಿಲ್ಲ, ಎಣಿಕೆಯಿಲ್ಲ, ವಿಜಯೋತ್ಸವದ ಗದ್ದಲವೂ ಕಡಿಮೆ. ಆ ವರ್ಷದ ಮತಗಟ್ಟೆಯ ಚಿತ್ರವೊಂದು ಸಿಕ್ಕೀತೇ ಎಂದು ಕೇಳುವವರು ಮೊದಲು ಇದನ್ನು ತಿಳಿದಿರಬೇಕು.

ಮಂಗಳವಾರ, ಕಾಸರಗೋಡು ಪೇಟೆ

ಮೈಲಿಗೆ ಒಂದಂಗುಲದ ಪ್ರಮಾಣದಲ್ಲಿ ಸರ್ವೆ ಆಫ್ ಇಂಡಿಯಾ ಅಚ್ಚು ಹಾಕಿದ ಹಳೆಯ ನಕ್ಷೆಗಳಲ್ಲಿ ಈ ಪೇಟೆಯನ್ನು ಹುಡುಕುವುದು ತುಸು ತಾಪತ್ರಯದ ಕೆಲಸ. ಒಂದೊಂದು ಹಾಳೆ ಕಾಲು ಡಿಗ್ರಿಯಷ್ಟು ನೆಲವನ್ನು ತೋರಿಸುತ್ತದೆ. ಕಾಸರಗೋಡಾದರೋ 12 ಡಿಗ್ರಿ 30 ಮಿನಿಟು ಅಕ್ಷಾಂಶವೂ 75 ಡಿಗ್ರಿ ರೇಖಾಂಶವೂ ಕೂಡುವ ಸ್ಥಳಕ್ಕೆ ತಾಗಿಕೊಂಡಿದೆ. ಆದ್ದರಿಂದ ಪೇಟೆ, ಅದರ ತೆಂಗಿನ ತೋಟಗಳು, ಚಂದ್ರಗಿರಿ ಹೊಳೆಯ ಅಳಿವೆ ಇಷ್ಟನ್ನು ಒಟ್ಟಿಗೆ ನೋಡಬೇಕಾದರೆ ಹಾಳೆಗಳ ಮೂಲೆಗಳನ್ನು ಜೋಡಿಸಿ ನೆಲದ ಮೇಲೆ ಹಾಸಬೇಕಾಗುತ್ತದೆ. ವಿದ್ಯಾನಗರದ ಕಡೆಯ ಗೆಳೆಯರ ಮನೆಯ ಚಾವಡಿಯಲ್ಲಿ ಹಾಗೆಯೇ ಮಾಡಿದೆವು. ಹೊಳೆಯ ಉತ್ತರ ದಡದಲ್ಲಿ ಪೇಟೆ, ದಕ್ಷಿಣ ದಡದಲ್ಲಿ ಕೋಟೆ, ಹೊಳೆಯನ್ನು ದಾಟಿ ಮಂಗಳೂರಿಗೆ ಹೋಗುವ ರೈಲು ಹಳಿ. 1916ರಲ್ಲಿ ಮದರಾಸು ಸರಕಾರ ತೆರೆದ ತೆಂಗು ಸಂಶೋಧನಾ ಕೇಂದ್ರವೇ ಮುಂದೆ, 1970ರಲ್ಲಿ, ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು.

ಮಧ್ಯಾಹ್ನದ ಮೇಲೆ ಪೇಟೆಯ ಹಳೆಯ ಛಾಯಾಗ್ರಾಹಕರೊಬ್ಬರ ಮನೆಗೆ ಹೋದೆ. ಸ್ಟುಡಿಯೋ ಮುಚ್ಚಿ ಬಹುಕಾಲವಾಗಿದೆ. ಅವರ ತಂದೆಯವರ ಕಾಲದ ಗಾಜಿನ ನೆಗೆಟಿವ್‌ಗಳು, ಒಂದು ರೀಟಚಿಂಗ್ ಮೇಜು, ಉದ್ದನೆಯ ಲೆಕ್ಕದ ಪುಸ್ತಕಗಳು ಉಳಿದಿವೆ. ನೆಗೆಟಿವ್‌ಗಳಲ್ಲಿ ಹಲವಕ್ಕೆ ಬೂಷ್ಟು ಹಿಡಿದು ಅಂಚಿನ ಲೇಪನ ಸಿಪ್ಪೆಯೇಳುತ್ತಿದೆ. ಕರಾವಳಿಯ ತೇವದಲ್ಲಿ ಇದು ತಪ್ಪಿದ್ದಲ್ಲ. ಅವನ್ನು ಒರಸಬಾರದು, ಮಸುಕಾದ ಬೆಳಕಿನ ಮೇಜಿನ ಮೇಲಿಟ್ಟು ಹಾಗೆಯೇ ಪ್ರತಿ ತೆಗೆಯಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಲೆಕ್ಕದ ಪುಸ್ತಕ. ಹೆಸರು, ಊರು, ಅಳತೆ, ಪ್ರತಿಗಳು, ಮುಂಗಡ, ಬಾಕಿ ಎಂಬ ಕಲಮುಗಳು, ಅಂಕಿಗಳೆಲ್ಲ ಕನ್ನಡದವು, ಕಾಲು, ಅರೆ, ಮುಕ್ಕಾಲು ರೂಪಾಯಿಗಳಿಗೆ ಶಾನುಭೋಗರ ಲೆಕ್ಕದಲ್ಲಿರುವಂಥ ನೆಟ್ಟಗೆರೆಗಳು, ಆಣೆಗಳಿಗೆ ಅಡ್ಡಗೆರೆಗಳು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದ ಮೇಲೆ ಕೆಲವು ಪುಟಗಳಲ್ಲಿ ಆಣೆಯೂ ನಯಾಪೈಸೆಯೂ ಒಂದೇ ಸಾಲಿನಲ್ಲಿ ಬೆರೆತಿವೆ. ರಾಜ್ಯ ಬದಲಾದ 1956ರ ನವೆಂಬರಿನ ಪುಟಕ್ಕೂ ಅದರ ಹಿಂದಿನ ಪುಟಕ್ಕೂ ಏನೂ ವ್ಯತ್ಯಾಸವಿಲ್ಲ. ಮದುವೆಯ ಚಿತ್ರ, ಹೆಣ್ಣು ತೋರಿಸುವ ಚಿತ್ರ, ಕೊಲಂಬೊಗೋ ಮುಂಬಯಿಗೋ ಹೋಗುವವರ ಪಾಸ್‌ಪೋರ್ಟ್ ಅಳತೆಯ ಚಿತ್ರ. ನಾಣ್ಯದ ಬದಲಾವಣೆ ಈ ಪುಸ್ತಕವನ್ನು ರಾಜ್ಯದ ಬದಲಾವಣೆಗಿಂತ ಹೆಚ್ಚು ಕಲಕಿದೆ.

ಚಿತ್ರಗಳ ಹಿಂಬದಿಯಲ್ಲಿ ರಬ್ಬರ್ ಮೊಹರು. ಆ ಕಾಲದ ವಿಳಾಸಗಳಲ್ಲಿ ದಕ್ಷಿಣ ಕನ್ನಡವನ್ನು, ಇಂಗ್ಲಿಷಿನ ‘ಸೌತ್ ಕೆನರಾ’ ಎಂಬುದರಿಂದ, ‘ಎಸ್.ಕೆ.’ ಎಂದು ಚಿಕ್ಕದಾಗಿ ಬರೆಯುವುದಿತ್ತು. ‘ಕಾಸರಗೋಡು, ಎಸ್.ಕೆ.’ ಎಂಬ ಮೊಹರಿದ್ದರೆ ಚಿತ್ರ 1956ಕ್ಕಿಂತ ಹಿಂದಿನದು ಎಂದು ಹೇಳಿಬಿಡಲು ಆಸೆಯಾಗುತ್ತದೆ. ಮನೆಯವರಲ್ಲಿ ಹಾಗೆ ಕೇಳಿದಾಗ ಅವರು ನಕ್ಕರು: “ಮೊಹರು ಸವೆಯದೆ ಹೊಸತು ಯಾರು ಮಾಡಿಸ್ತಾರೆ ಮಾರಾಯ್ರೆ? ನಮ್ಮ ಅಪ್ಪ ಅದನ್ನೇ ಅರುವತ್ತರ ನಂತರವೂ ಒತ್ತಿದ್ದಾರೆ.” ಲೆಕ್ಕದ ಪುಸ್ತಕದ ಕ್ರಮಸಂಖ್ಯೆಯೂ ನೆಗೆಟಿವ್‌ನ ಅಂಚಿನಲ್ಲಿ ಗೀರಿದ ಸಂಖ್ಯೆಯೂ ಹೊಂದಿದರೆ ಮಾತ್ರ ದಿನಾಂಕ ಖಚಿತ, ಉಳಿದದ್ದೆಲ್ಲ ಅಂದಾಜು. ಚಿತ್ರದಲ್ಲಿ ಕಾರೋ ಬಸ್ಸೋ ಇದ್ದರೆ ಸ್ವಲ್ಪ ಸಹಾಯವಾಗುತ್ತದೆ: ‘ಕೆ.ಎಲ್.’ ಎಂದು ಆರಂಭವಾಗುವ ನಂಬರು ಇದ್ದರೆ ಅದು ಕೇರಳ ಹುಟ್ಟಿದ ಮೇಲಿನದು.

ಬುಧವಾರ, ಬದಿಯಡ್ಕದ ಕಡೆ

ಕಾಸರಗೋಡಿನಿಂದ ಬದಿಯಡ್ಕಕ್ಕೆ ಹೋಗುವ ಬಸ್ಸು ಅಡಿಕೆ ತೋಟ, ಗುಡ್ಡ, ಮತ್ತೆ ತೋಟ ಎಂದು ಏರಿಳಿಯುತ್ತ ಹೋಗುತ್ತದೆ. ಹತ್ತಿರದ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿದ್ದರು. 1915ರಲ್ಲಿ ಹುಟ್ಟಿ 2015ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡ ರೈಗಳು ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಮಾತನ್ನು ಕೊನೆಯವರೆಗೂ ಬಿಡಲಿಲ್ಲ. ಅವರ ಕುರಿತು ಬರೆದದ್ದು ಬೇಕಾದಷ್ಟಿದೆ. ನಾನು ಹೋದದ್ದು ಅಲ್ಲಿಂದ ಒಳಗಿನ ಒಂದು ಕೃಷಿಕರ ಮನೆಗೆ.

ಮನೆಯ ಯಜಮಾನರು ಹಲಸಿನ ಮರದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಜಗಲಿಯಲ್ಲಿಟ್ಟಿದ್ದರು. “ಅರ್ಧ ಒರಲೆ ತಿಂದಿದೆ. ಉಳಿದದ್ದನ್ನು ನೀವು ನೋಡಿ, ನನಗೆ ಮೋಡಿ ಅಕ್ಷರ ಓದಲಿಕ್ಕೆ ಬರುವುದಿಲ್ಲ” ಎಂದರು. ಮೇಲಿನ ಕಟ್ಟಿನಲ್ಲಿ ವರ್ಗ ಜಾಗದ ತೀರ್ವೆ ರಶೀದಿಗಳು, ಅದರ ಕೆಳಗೆ ಮೂಲಗೇಣಿ ಪತ್ರಗಳು, ಎಲ್ಲಕ್ಕಿಂತ ಕೆಳಗೆ ವರ್ಷವರ್ಷವೂ ಬರೆಸಿಕೊಂಡ ಚಾಲಗೇಣಿ ಚೀಟಿಗಳು. ದಕ್ಷಿಣ ಕನ್ನಡದ ಭೂಮಿಯ ವ್ಯವಸ್ಥೆ ಅರಿಯದವರಿಗಾಗಿ ಎರಡು ಮಾತು: ವರ್ಗದಾರ ಸರಕಾರಕ್ಕೆ ತೀರ್ವೆ ಕೊಡುವವನು, ಮೂಲಗೇಣಿಯವನು ಶಾಶ್ವತವಾದ, ಏರಿಸಲಾಗದ ಗೇಣಿಗೆ ಭೂಮಿ ಹಿಡಿದವನು, ಚಾಲಗೇಣಿಯವನಿಗೆ ಅಂಥ ಆಸರೆಯಿಲ್ಲ, ಒಡೆಯ ಬೇಡವೆಂದರೆ ಏಳಬೇಕು. ವರ್ಗದ ಕೃಷಿಭೂಮಿಯ ಅಂಚಿನಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತೆಗೆದುಕೊಳ್ಳುವ ಕುಮ್ಕಿ ಹಕ್ಕು ವರ್ಗದಾರನದು. ಗೇಣಿ ಅಕ್ಕಿಯ ಮುಡಿಗಳಲ್ಲಿ, ಅಂದರೆ ಬೈಹುಲ್ಲು ಸುತ್ತಿ ಕಟ್ಟಿದ ಅಕ್ಕಿಯ ಮೂಟೆಗಳಲ್ಲಿ. ಜೊತೆಗೆ ಹಬ್ಬಕ್ಕೆ ಬಾಳೆಗೊನೆ, ತರಕಾರಿ.

ಇದೇ ಪೆಟ್ಟಿಗೆಯಲ್ಲಿದ್ದ ಒಂದು ಚಿತ್ರದಲ್ಲಿ ಅಂಗಳದ ತುಂಬ ಅಕ್ಕಿ ಮುಡಿಗಳು. ಹಿಂದೆ ಸಾಲಾಗಿ ನಿಂತ ಗಂಡಸರು, ಪಕ್ಕದಲ್ಲಿ ಕುರ್ಚಿಯ ಮೇಲೆ ಕುಳಿತ ಹಿರಿಯರು. ಚಿತ್ರವನ್ನು ಮಾತ್ರ ನೋಡಿದವರು ಸುಗ್ಗಿಯ ಸಂಭ್ರಮವೆಂದು ಶೀರ್ಷಿಕೆ ಕೊಟ್ಟಾರು. ಗೇಣಿ ಚೀಟಿಗಳನ್ನು ಓದಿದ ಮೇಲೆ ಅದು ಸಂದಾಯದ ದಿನ ಎಂದು ತಿಳಿಯುತ್ತದೆ. ಹಿಂದೆ ನಿಂತವರಲ್ಲಿ ಹೆಚ್ಚಿನವರು ಆ ಮುಡಿಗಳನ್ನು ಹೊತ್ತು ತಂದ ಒಕ್ಕಲುಗಳು. ಚಿತ್ರದ ಹಿಂಬದಿಯಲ್ಲಿ ಕುರ್ಚಿಯಲ್ಲಿ ಕುಳಿತವರ ಹೆಸರು ಮಾತ್ರ ಇದೆ. ನಿಂತವರ ಹೆಸರು ಬೇಕಾದರೆ ಚೀಟಿಗಳ ಕೆಳಗಿನ ಹೆಬ್ಬೆಟ್ಟಿನ ಗುರುತುಗಳ ಪಕ್ಕದಲ್ಲಿ ಹುಡುಕಬೇಕು.

ನನಗೆ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದೇ ಕಟ್ಟಿನ ಮುಂದುವರಿಕೆ. ಚಾಲಗೇಣಿ ಚೀಟಿಗಳು ಒಂದು ಹಂತದಲ್ಲಿ ನಿಂತುಹೋಗಿ ಭೂ ನ್ಯಾಯಮಂಡಳಿಯ ನೋಟೀಸುಗಳು ಶುರುವಾಗುತ್ತವೆ. ಕೇರಳದ 1963ರ ಭೂಸುಧಾರಣಾ ಕಾನೂನಿಗೆ 1969ರಲ್ಲಿ ಆದ ತಿದ್ದುಪಡಿಯಿಂದಾಗಿ 1970ರ ಜನವರಿ 1ರಂದು ಗೇಣಿ ಪದ್ಧತಿ ಕೊನೆಗೊಂಡಿತು. ಗಡಿಯ ಆಚೆ, ಪುತ್ತೂರು ಬಂಟ್ವಾಳಗಳಲ್ಲಿ, ಅದು ಆದದ್ದು 1974ರ ಮಾರ್ಚ್ 1ರಂದು. ಒಂದೇ ತೋಡಿನ ಎರಡು ಬದಿಯಲ್ಲಿ ಒಂದೇ ಬಗೆಯ ಚಾಲಗೇಣಿ ಮಾಡುತ್ತಿದ್ದ ಇಬ್ಬರಲ್ಲಿ ಈಚೆಯವನು ನಾಲ್ಕು ವರ್ಷ ಮೊದಲು ಭೂಮಿಯ ಒಡೆಯನಾದ. ಭಾಷೆಯ ಹೆಸರಿನಲ್ಲಿ ಎಳೆದ ಗೆರೆ ಗೇಣಿಯ ಅಕ್ಕಿ ಯಾರ ಕಣಜಕ್ಕೆ ಹೋಗಬೇಕೆಂಬುದನ್ನೂ ತೀರ್ಮಾನಿಸಿತು. ವಿಲೀನದ ಚರ್ಚೆಯಲ್ಲಿ ವರ್ಗದಾರರ ಮನೆಯವರ ದನಿ ಗಟ್ಟಿಯಾಗಿಯೂ ಒಕ್ಕಲುಗಳ ದನಿ ಕ್ಷೀಣವಾಗಿಯೂ ಕೇಳಿಸುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಅನುಮಾನ. ಇದನ್ನು ಜಗಲಿಯಲ್ಲಿ ಕುಳಿತು ಹೇಳಿದಾಗ ಯಜಮಾನರು ಒಪ್ಪಲಿಲ್ಲ. ಅವರ ಪ್ರಕಾರ ಭೂಮಿ ಬೇರೆ, ಭಾಷೆ ಬೇರೆ. ಮಜ್ಜಿಗೆ ಕುಡಿದು ಮಾತು ಅಲ್ಲಿಗೇ ನಿಲ್ಲಿಸಿದೆವು.

ಹಿಂದಿರುಗುವಾಗ ಎಡನೀರಿನಲ್ಲಿ ಇಳಿದೆ. ಎಳೆಯ ಪ್ರಾಯದಲ್ಲೇ ಈ ಮಠದ ಪೀಠವೇರಿದ ಕೇಶವಾನಂದ ಭಾರತೀ ಸ್ವಾಮೀಜಿಯವರು ಇದೇ ಭೂಸುಧಾರಣೆಯನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಾಧೀಶರ ಪೀಠ 1973ರ ಏಪ್ರಿಲ್ 24ರಂದು ಕೊಟ್ಟ ತೀರ್ಪು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸಲಾಗದು ಎಂದಿತು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಆ ಮೊಕದ್ದಮೆಯ ಬೇರು ಇಂಥ ಹಲಸಿನ ಪೆಟ್ಟಿಗೆಯ ಕಾಗದಗಳಲ್ಲಿದೆ.

ಗುರುವಾರ

ಬೆಳಗ್ಗೆಯಿಂದ ಮಳೆ. ವಸತಿಗೃಹದ ಕೋಣೆಯಲ್ಲಿ ಕುಳಿತು ತೆಗೆದ ಪ್ರತಿಗಳಿಗೆ ಹೆಸರು ಹಚ್ಚಿದೆ. ಚಿತ್ರದ ಮುಂಬದಿಗಿಂತ ಮೊದಲು ಹಿಂಬದಿಯನ್ನು ತೆಗೆದಿಟ್ಟರೆ ಮುಂದೆ ಗೊಂದಲವಾಗದು. ಉಳಿದ ಹೊತ್ತು ಅಚ್ಚಾದ ವರದಿಗಳಿಗೆ.

ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಇವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು. ಕಾಸರಗೋಡು ತಾಲೂಕು ಇಡಿಯಾಗಿ ಕೇರಳಕ್ಕೆ ಎಂಬುದು ಅದರ ಶಿಫಾರಸು. ಪಣಿಕ್ಕರ್ ಮಲಯಾಳಿಯಾಗಿದ್ದುದರಿಂದಲೇ ಹೀಗಾಯಿತೆಂಬ ಮಾತು ಇಲ್ಲಿನ ಕನ್ನಡಿಗರ ಬಾಯಲ್ಲಿ ಇಂದಿಗೂ ಇದೆ. ವರದಿ ಹಿಡಿದ ಹಾದಿ ಜನಗಣತಿಯ ಮಾತೃಭಾಷೆಯ ಕೋಷ್ಟಕದ್ದು. ತುಳು, ಕೊಂಕಣಿ, ಮರಾಠಿ ಮನೆಮಾತಿನವರು ಶಾಲೆಯಲ್ಲಿ, ಕಚೇರಿಯಲ್ಲಿ, ಪತ್ರವ್ಯವಹಾರದಲ್ಲಿ ಕನ್ನಡವನ್ನೇ ಬಳಸುತ್ತಿದ್ದರೂ ಕೋಷ್ಟಕದಲ್ಲಿ ಅವರು ಬೇರೆ ಬೇರೆ ಸಾಲುಗಳಲ್ಲಿದ್ದರು. ನಾನು ಬುಧವಾರ ನೋಡಿದ ಪೆಟ್ಟಿಗೆ ತುಳು ಮನೆಮಾತಿನವರದು. ಅದರೊಳಗೆ ತುಳುವಿನಲ್ಲಿ ಬರೆದ ಒಂದು ತುಂಡು ಕಾಗದವೂ ಇಲ್ಲ.

ಅದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮಿನ್‌ದಿವಿ ದ್ವೀಪಗಳು ಕೂಡ 1956ರ ನವೆಂಬರ್ 1ರಂದೇ ಕೈಬಿಟ್ಟುಹೋಗಿ ಲಕ್ಷದ್ವೀಪದ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಆ ದ್ವೀಪಗಳ ಬಗ್ಗೆ ಮಂಗಳೂರಿನಲ್ಲಿ ಈಗ ಯಾರೂ ಮಾತಾಡುವುದಿಲ್ಲ.

1966ರ ಅಕ್ಟೋಬರಿನಲ್ಲಿ ನೇಮಕವಾದ ಮೆಹರ್‌ಚಂದ್ ಮಹಾಜನ್ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಅದು ಜಾರಿಯಾಗಲಿಲ್ಲ. 1969ರ ಕೇರಳದ ಅಧಿಕೃತ ಭಾಷಾ ಕಾನೂನು ಇಲ್ಲಿನ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಕಾನೂನಿನ ಪುಟದಿಂದ ಕಚೇರಿಯ ಕಿಟಕಿಯವರೆಗೆ ಆ ಹಕ್ಕು ಎಷ್ಟು ಬರುತ್ತದೆಂಬುದನ್ನು ಅರ್ಜಿ ಹಿಡಿದು ನಿಂತವರನ್ನೇ ಕೇಳಬೇಕು.

ಶುಕ್ರವಾರ, ಹೊಳೆಯ ದಕ್ಷಿಣಕ್ಕೆ

ಚಂದ್ರಗಿರಿ ದಾಟಿ ಬೇಕಲ ಕೋಟೆಯ ಪಕ್ಕದಲ್ಲಿ ಹಾದು ಹೊಸದುರ್ಗ, ನೀಲೇಶ್ವರಗಳಿಗೆ ಹೋದೆ. ಕನ್ನಡದ ಬರಹಗಾರರು ಕಾಸರಗೋಡಿನ ಇತಿಹಾಸ ಬರೆಯುವಾಗ ಈ ಅರ್ಧಕ್ಕೆ ಬರುವುದೇ ಅಪರೂಪ. ಇದೂ ಅದೇ ತಾಲೂಕಾಗಿತ್ತು. ಕಯ್ಯೂರಿನ ರೈತ ಹೋರಾಟ, 1941ರ ಮಾರ್ಚ್ 28ರಂದು ತೇಜಸ್ವಿನಿ ಹೊಳೆಯಲ್ಲಿ ಪೊಲೀಸನೊಬ್ಬನ ಸಾವು, 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರಿಗೆ ಗಲ್ಲು, ಇವೆಲ್ಲ ದಕ್ಷಿಣ ಕನ್ನಡ ಜಿಲ್ಲೆಯ ಇತಿಹಾಸವೇ. ಉತ್ತರದ ಮಂಜೇಶ್ವರ 1957ರಲ್ಲಿ ಅವಿರೋಧ ಆಯ್ಕೆ ಮಾಡಿದಾಗ, ದಕ್ಷಿಣದ ನೀಲೇಶ್ವರ ಇ.ಎಂ.ಎಸ್. ನಂಬೂದಿರಿಪಾಡರನ್ನು ಗೆಲ್ಲಿಸಿ ಮುಖ್ಯಮಂತ್ರಿಯ ಕುರ್ಚಿಗೆ ಕಳಿಸಿತು.

ನೀಲೇಶ್ವರದ ಬಳಿ ನನಗೆ ಆಲ್ಬಂ ತೋರಿಸಿದವರು ಮಲಯಾಳ ಮನೆಮಾತಿನ ನಿವೃತ್ತ ಮಾಷ್ಟ್ರು. ಅವರ ತಂದೆಯ ಜಮೀನಿನ ನೋಂದಣಿ ಪತ್ರಗಳು ಕನ್ನಡದಲ್ಲಿದ್ದವು. ಅವನ್ನು ಓದಿ ಹೇಳುವವರು ಮನೆಯಲ್ಲಿ ಈಗ ಯಾರೂ ಇಲ್ಲ. ನಾನು ಓದುತ್ತ ಹೋದಂತೆ ಅವರು ಎಲ್ಲೆಯ ಕಲ್ಲು, ಮಾವಿನ ಮರ ಎಲ್ಲಿದೆಯೆಂದು ಕೈತೋರಿಸಿ ಹೇಳಿದರು. 1956ರ ನವೆಂಬರ್ ಒಂದು ಇವರಿಗೆ ಹಬ್ಬದ ದಿನ. “ಮಂಗಳೂರಿನ ಕಚೇರಿಗೆ ಹೋಗಿ ಭಾಷೆ ತಿಳಿಯದೆ ನಿಲ್ಲುವುದು ನಮಗೂ ಇತ್ತು, ಸಾರ್” ಎಂದು ಅವರು ನಿಧಾನದ ಕನ್ನಡದಲ್ಲಿ ಹೇಳಿದರು. ಬದಿಯಡ್ಕದ ಯಜಮಾನರ ದೂರೂ ಇದೇ, ದಿಕ್ಕು ಮಾತ್ರ ತಿರುಗುಮುರುಗು. ಆಯೋಗದ ವರದಿಗಳಲ್ಲಿ ಈ ಎರಡೂ ದೂರುಗಳು ಎದುರಾಳಿಗಳ ವಾದಗಳಾಗಿ ಕಾಣುತ್ತವೆ. ಕಾಗದಪತ್ರ ಹಿಡಿದುಕೊಂಡು ಒಂದೇ ವಾರದಲ್ಲಿ ಎರಡೂ ಮನೆಗಳ ಜಗಲಿಯಲ್ಲಿ ಕುಳಿತವನಿಗೆ ಹಾಗೆ ಕಾಣುವುದಿಲ್ಲ.

ಶನಿವಾರ, ಪೆರ್ಲದ ಕಡೆಯ ಶಾಲೆ

ರಜೆಯ ದಿನವಾದರೂ ಮುಖ್ಯೋಪಾಧ್ಯಾಯಿನಿಯವರು ಬಂದು ಬೀಗ ತೆರೆದರು. ಗಡಿಗೆ ಹತ್ತಿರದ ಕನ್ನಡ ಮಾಧ್ಯಮದ ಶಾಲೆ. ಹಾಜರಿ ಪುಸ್ತಕಗಳಲ್ಲಿ 1953-54ರದ್ದು ಉಳಿದವುಗಳಿಗಿಂತ ಬೇರೆಯಾಗಿತ್ತು: ಒಂದೇ ತರಗತಿಯ ಮಕ್ಕಳು ಬೆಳಗಿನ, ಮಧ್ಯಾಹ್ನದ ಎರಡು ತಂಡಗಳಲ್ಲಿದ್ದರು. ರಾಜಾಜಿಯವರು ಮದರಾಸಿನ ಮುಖ್ಯಮಂತ್ರಿಯಾಗಿದ್ದಾಗ ಹಳ್ಳಿಯ ಶಾಲೆಗಳಿಗೆ ತಂದ, ಅರ್ಧ ದಿನ ಪಾಠ, ಉಳಿದರ್ಧ ಮನೆಯ ಕಸುಬು ಎಂಬ ಯೋಜನೆಯ ಗುರುತು ಅದು. ಕುಲಕಸುಬಿನ ಶಿಕ್ಷಣವೆಂದು ಟೀಕೆಗೆ ಗುರಿಯಾಗಿ, ಕಾಮರಾಜರು ಬಂದ ಮೇಲೆ 1954ರಲ್ಲಿ ಅದು ರದ್ದಾಯಿತು. ಆ ವರ್ಷದ ಶಾಲಾ ಚಿತ್ರದಲ್ಲಿ ಮಕ್ಕಳು ಕಡಿಮೆ ಕಾಣುವುದಕ್ಕೆ ಬಡತನವೋ ಜ್ವರವೋ ಕಾರಣವೆಂದುಕೊಂಡವರಿಗೆ ಹಾಜರಿ ಪುಸ್ತಕ ಬೇರೆಯೇ ಉತ್ತರ ಕೊಡುತ್ತದೆ.

ನಾನು ಹುಡುಕಿಕೊಂಡು ಬಂದಿದ್ದ ಚಿತ್ರದಲ್ಲಿ ಮುಂದಿನ ಸಾಲಿನ ಹುಡುಗನೊಬ್ಬ ‘5ನೇ ಕ್ಲಾಸು, 1956-57’ ಎಂದು ಬರೆದ ಸ್ಲೇಟು ಹಿಡಿದಿದ್ದಾನೆ. ಜೂನಿನಲ್ಲಿ ಮದರಾಸು ರಾಜ್ಯದಲ್ಲಿ ಶಾಲೆಗೆ ಸೇರಿದ ಈ ಮಕ್ಕಳು ಪರೀಕ್ಷೆ ಬರೆದದ್ದು ಕೇರಳದಲ್ಲಿ. ದಾಖಲಾತಿ ಪುಸ್ತಕದಲ್ಲಿ, ಶಾಲೆ ಬಿಟ್ಟ ಕಾರಣ ಬರೆಯುವ ಕಲಮಿನಲ್ಲಿ, ಮುಂದಿನ ಎರಡು ಮೂರು ವರ್ಷ ಗಡಿಯಾಚೆಯ ಶಾಲೆಗಳ ಹೆಸರು ಒಂದರ ಹಿಂದೆ ಒಂದು ಬರುತ್ತವೆ. ಹೋದವರು ಯಾರು, ಉಳಿದವರು ಯಾರು ಎಂದು ನೋಡಿದರೆ ಅಲ್ಲೂ ಭೂಮಿಯ ಲೆಕ್ಕವೇ ತಲೆಯೆತ್ತುತ್ತದೆ: ಆಚೆ ನೆಂಟರ ಮನೆಯೋ ಜಮೀನೋ ಇದ್ದವರ ಮಕ್ಕಳು ಹೋದರು, ಒಕ್ಕಲುಗಳ ಮಕ್ಕಳು ಇಲ್ಲೇ ಓದಿದರು ಅಥವಾ ಓದು ಬಿಟ್ಟರು.

ಚಿತ್ರದಲ್ಲಿರುವ ಹುಡುಗಿಯರಲ್ಲಿ ಒಬ್ಬರು ಶಾಲೆಯ ಹತ್ತಿರವೇ ಇದ್ದಾರೆ. ಮುಖ್ಯೋಪಾಧ್ಯಾಯಿನಿಯವರು ಅವರನ್ನು ಕರೆತರಲು ಯಾರನ್ನೋ ಕಳಿಸಿದರು. ಅವರು ಕನ್ನಡಕ ಸರಿಮಾಡಿಕೊಂಡು, ದೊಡ್ಡದಾಗಿ ಮುದ್ರಿಸಿದ ಪ್ರತಿಯ ಮೇಲೆ ಬೆರಳಿಟ್ಟು ಒಬ್ಬೊಬ್ಬರ ಹೆಸರನ್ನೂ ಮನೆಯ ಹೆಸರು ಸಮೇತ ಹೇಳುತ್ತ ಹೋದರು. ನಾನು ಪೆನ್ಸಿಲಿನಲ್ಲಿ ಬರೆದುಕೊಂಡೆ. ಸ್ಲೇಟು ಹಿಡಿದ ಹುಡುಗನ ಬಗ್ಗೆ ಮಾತ್ರ ಪುಸ್ತಕಕ್ಕೂ ಅವರಿಗೂ ಹೊಂದಿಕೆಯಾಗಲಿಲ್ಲ. ‘ಪುತ್ತೂರು ಶಾಲೆಗೆ’ ಎಂದು ಬರೆದಿದೆಯಲ್ಲ ಅಕ್ಕ, ಎಂದೆ.

“ಬರೆದದ್ದು ಮಾಷ್ಟ್ರು. ಅವನು ಹೋದದ್ದು ಪುತ್ತೂರಿಗೂ ಅಲ್ಲ, ಶಾಲೆಗೂ ಅಲ್ಲ. ವಿಟ್ಲದಲ್ಲಿ ಹೋಟೆಲು ಕೆಲಸಕ್ಕೆ. ನೀವು ಹಾಗೆಯೇ ಬರೆದುಕೊಳ್ಳಿ.”

ಎರಡನ್ನೂ ಬರೆದುಕೊಂಡೆ, ಯಾರು ಹೇಳಿದ್ದು ಯಾವುದು ಎಂಬುದರ ಸಮೇತ.